ಕಲಿತ ಬರಹವು ನುಡಿಯಿಂದ ನುಡಿಗೆ ದಾಟುವ ಬಗೆ

ಬಾವಿಯಲ್ಲಿ ಈಜು ಕಲಿತವನು ಹೊಳೆಯಲ್ಲಿಯೂ ಈಜಬಲ್ಲನು. ಹೊಳೆಯಲ್ಲಿ ಈಜಬಲ್ಲವನು ಸಮುದ್ರಕ್ಕಿಳಿದಾಗ ಮೊದಮೊದಲು ಅಲೆಗಳಿಗೆ ಅಂಜಬಹುದು. ಉಪ್ಪುನೀರು ಅವನ ಕಣ್ಣಿಗೆ ಉರಿಯನ್ನುಂಟುಮಾಡಬಹುದು. ಆದರೆ ಕೈಕಾಲುಗಳನ್ನಾಡಿಸಿ ತೇಲುವ ವಿದ್ಯೆಯನ್ನು ಅವನು ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ. ಬರವಣಿಗೆಯ ವಿದ್ಯೆಯೂ ಹೀಗೆಯೇ? ಒಂದು ಭಾಷೆಯಲ್ಲಿ ಚೆನ್ನಾಗಿ ಬರೆಯಲು ಕಲಿತವನಿಗೆ ಇನ್ನೊಂದು ಭಾಷೆಯಲ್ಲಿ ಆ ಕೌಶಲವು ತಾನಾಗಿಯೇ ಒದಗುತ್ತದೆಯೇ? ಅಥವಾ ಪ್ರತಿಯೊಂದು ಭಾಷೆಗೂ ಬರವಣಿಗೆಯನ್ನು ಬೇರೆ ಬೇರೆಯಾಗಿಯೇ ಕಲಿಯಬೇಕೇ?

ಮೇಲ್ನೋಟಕ್ಕೆ ಇದು ಪಂಡಿತರ ಚರ್ಚೆಯಂತೆ ತೋರಿದರೂ ಇದರ ಉತ್ತರವನ್ನು ಅವಲಂಬಿಸಿರುವ ಸಂಗತಿಗಳು ಸಣ್ಣವಲ್ಲ. ಮಗುವಿಗೆ ಯಾವ ಭಾಷೆಯಲ್ಲಿ ಅಕ್ಷರಾಭ್ಯಾಸ ಮಾಡಿಸಬೇಕು, ಎರಡು ಭಾಷೆಗಳು ಮಗುವಿನ ಮನಸ್ಸಿಗೆ ಹೊರೆಯೇ ಅಥವಾ ಬಲವೇ, ಶಾಲೆಯಲ್ಲಿ ಸ್ಥಾನವಿಲ್ಲದ ಮನೆಮಾತು ಬರಹದಲ್ಲಿ ಉಳಿದೀತೇ ಅಳಿದೀತೇ ಎಂಬ ಪ್ರಶ್ನೆಗಳೆಲ್ಲ ಇದರೊಡನೆ ಹೆಣೆದುಕೊಂಡಿವೆ. ಇದನ್ನು ಪರಿಶೀಲಿಸಲು ನಮ್ಮ ನಾಡಿನಲ್ಲಿ ಕಾರವಾರ, ಅಂಕೋಲೆಗಳಿಗಿಂತ ಒಳ್ಳೆಯ ಪ್ರಯೋಗಶಾಲೆ ದೊರೆಯುವುದು ಕಷ್ಟ.

ಎರಡನೆಯದೇ ಮೊದಲನೆಯದಾದ ನಾಡು

ಉತ್ತರ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣವಾದ ಕಾರವಾರವು ಕಾಳಿ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿ, ಗೋವೆಯ ಗಡಿಗೆ ಸಮೀಪದಲ್ಲಿದೆ. ೧೮೬೨ರಲ್ಲಿ ಈ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಇಲ್ಲಿಯ ಬಹುಜನರ ಮನೆಮಾತು ಕೊಂಕಣಿ. ಶಾಲೆಯ ಮತ್ತು ಕಚೇರಿಯ ಭಾಷೆ ಕನ್ನಡ. ಮುಂಬಯಿಯ ಸಂಪರ್ಕದಿಂದ ಮರಾಠಿಯ ಪರಿಚಯವೂ ಉಂಟು. ಉನ್ನತ ಶಿಕ್ಷಣಕ್ಕೆ ಇಂಗ್ಲಿಷ್. ಕಾರವಾರದಿಂದ ದಕ್ಷಿಣಕ್ಕೆ ಹೊರಟು ಅಂಕೋಲೆಯನ್ನು ತಲಪುವಷ್ಟರಲ್ಲಿ ಕನ್ನಡದ ಬೇರೆ ಬೇರೆ ಬಗೆಗಳು ಕಿವಿಗೆ ಬೀಳತೊಡಗುತ್ತವೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರು ಆಡುವ ಕನ್ನಡವು ಪಠ್ಯಪುಸ್ತಕದ ಕನ್ನಡಕ್ಕಿಂತ ಎಷ್ಟೋ ಭಿನ್ನವಾದುದು.

ಇಲ್ಲಿಯ ಕೊಂಕಣಿ ಮನೆಯ ಮಗುವಿನ ಸ್ಥಿತಿಯನ್ನು ಸ್ವಲ್ಪ ಗಮನಿಸೋಣ. ಅದಕ್ಕೆ ಮೊದಲು ಬಂದ ಮಾತು ಕೊಂಕಣಿ. ಆದರೆ ಮೊದಲು ಬಂದ ಬರಹ ಕನ್ನಡ. ಸಾಮಾನ್ಯವಾಗಿ ವಿದ್ವಾಂಸರು ಮೊದಲನೆಯ ಭಾಷೆಯಲ್ಲಿ ಬರೆಯಲು ಕಲಿತವನು ಎರಡನೆಯ ಭಾಷೆಗೆ ಹೇಗೆ ಹೋಗುತ್ತಾನೆ ಎಂದು ವಿಚಾರಿಸುತ್ತಾರೆ. ಕಾರವಾರದಲ್ಲಿ ಪ್ರಶ್ನೆಯು ತಲೆಕೆಳಗಾಗಿದೆ. ಎರಡನೆಯ ಭಾಷೆಯಲ್ಲಿ ಗಳಿಸಿದ ಬರವಣಿಗೆಯು ಮೊದಲನೆಯ ಭಾಷೆಗೆ ಮರಳುವ ಬಗೆ ಹೇಗೆ ಎಂಬುದೇ ಇಲ್ಲಿಯ ಪ್ರಶ್ನೆ.

ಬರವಣಿಗೆ ಎಂಬ ಒಂದು ಹೆಸರು, ಹಲವು ಕೆಲಸಗಳು

ಉತ್ತರವನ್ನು ಹುಡುಕುವ ಮೊದಲು ‘ಬರೆಯುವುದು’ ಎಂದರೇನೆಂಬುದನ್ನು ಬಿಡಿಸಿ ನೋಡಬೇಕು. ೧೯೮೧ರಲ್ಲಿ ಅಮೆರಿಕದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಎಂಬವರು ಬರೆಯುವವನ ಮನಸ್ಸಿನಲ್ಲಿ ನಡೆಯುವ ವ್ಯಾಪಾರವನ್ನು ಮೂರು ಭಾಗಗಳಾಗಿ ವಿಂಗಡಿಸಿದರು. ಏನು ಹೇಳಬೇಕೆಂದು ಯೋಜಿಸುವುದು ಒಂದು. ಆ ಯೋಜನೆಯನ್ನು ಪದ ವಾಕ್ಯಗಳಿಗೆ ಇಳಿಸುವುದು ಎರಡು. ಬರೆದುದನ್ನು ಓದಿ ತಿದ್ದುವುದು ಮೂರು. ಇವು ಒಂದಾದ ಮೇಲೊಂದರಂತೆ ಸಾಲಾಗಿ ನಡೆಯುವುದಿಲ್ಲ. ಬರೆಯುವವನು ಇವುಗಳ ನಡುವೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇರುತ್ತಾನೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳ ವಿಷಯವಾಗಿ ಒಬ್ಬ ವಿದ್ಯಾರ್ಥಿಯು ಪ್ರಬಂಧವನ್ನು ಬರೆಯಬೇಕಾಗಿದೆಯೆಂದು ಭಾವಿಸೋಣ. ಸಮುದ್ರದ ನೀರಿನಲ್ಲಿ ಒಂದು ಕಿಲೋಗ್ರಾಮಿಗೆ ಸುಮಾರು ೩೫ ಗ್ರಾಮಿನಷ್ಟು ಲವಣಗಳು ಕರಗಿರುತ್ತವೆ. ಆ ನೀರನ್ನು ಕಟ್ಟೆಗಳೊಳಗೆ ಹಾಯಿಸಿ ಬಿಸಿಲಿಗೆ ಬಿಟ್ಟರೆ ನೀರು ಆವಿಯಾಗಿ ದ್ರಾವಣವು ಸಾಂದ್ರವಾಗುತ್ತದೆ. ಮೊದಲು ಸುಣ್ಣದ ಅಂಶ, ಅನಂತರ ಜಿಪ್ಸಮ್, ಆಮೇಲೆ ಅಡಿಗೆಯ ಉಪ್ಪು ಹರಳುಗಟ್ಟುತ್ತವೆ. ಕಡೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಮ್ಮಿನ ಲವಣಗಳಿರುತ್ತವೆ.

ಇದನ್ನು ಬರೆಯಹೊರಟ ವಿದ್ಯಾರ್ಥಿಯು ಮೊದಲು ಹಲವು ತೀರ್ಮಾನಗಳನ್ನು ಕೈಕೊಳ್ಳಬೇಕು. ಯಾವುದು ಮೊದಲು, ಯಾವುದು ಅನಂತರ? ಓದುವವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ? ‘ಸಾಂದ್ರ’ ಎಂಬ ಮಾತನ್ನು ವಿವರಿಸಬೇಕೇ? ಜಿಪ್ಸಮ್ಮಿನ ಸಂಗತಿಯನ್ನು ಹೇಳಬೇಕೇ, ಬಿಡಬೇಕೇ? ಈ ತೀರ್ಮಾನಗಳಲ್ಲಿ ಯಾವುದೂ ಕನ್ನಡದ್ದೂ ಅಲ್ಲ, ಕೊಂಕಣಿಯದೂ ಅಲ್ಲ. ಕಾರಣವು ಮೊದಲು, ಕಾರ್ಯವು ಆಮೇಲೆ ಎಂಬ ಕ್ರಮವು ಯಾವ ಭಾಷೆಯ ವ್ಯಾಕರಣಕ್ಕೂ ಸೇರಿದುದಲ್ಲ. ಆದರೆ ಆ ತೀರ್ಮಾನಗಳನ್ನು ಕಾಗದದ ಮೇಲೆ ತರುವಾಗ ಬೇಕಾಗುವ ಅಕ್ಷರ, ಕಾಗುಣಿತ, ವಿಭಕ್ತಿ, ಕ್ರಿಯಾಪದಗಳು ಆಯಾ ಭಾಷೆಯ ಸೊತ್ತು. ಬರವಣಿಗೆಯಲ್ಲಿ ಹೀಗೆ ಎರಡು ಅಂತಸ್ತುಗಳಿವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವು ಸುಲಭವಾಗುತ್ತದೆ.

ನೀರಿನ ಕೆಳಗೆ ಒಂದಾಗಿರುವ ಬೆಟ್ಟ

ಎರಡು ಭಾಷೆಗಳನ್ನು ಕಲಿಸಿದರೆ ಮಗುವಿನ ಮಿದುಳಿನಲ್ಲಿ ಅವು ಒಂದರ ಜಾಗವನ್ನು ಇನ್ನೊಂದು ಕಬಳಿಸುತ್ತವೆ ಎಂಬ ಭಾವನೆಯು ಬಹುಕಾಲ ಪ್ರಚಲಿತವಾಗಿದ್ದಿತು. ಒಂದು ಚೀಲದಲ್ಲಿ ಅಕ್ಕಿಯನ್ನು ಹೆಚ್ಚು ತುಂಬಿದರೆ ಬೇಳೆಗೆ ಸ್ಥಳ ಕಡಮೆಯಾಗುವಂತೆ ಎಂಬುದು ಅದರ ತರ್ಕ. ಈ ಭಾವನೆಯನ್ನು ಬಲವಾಗಿ ಪ್ರಶ್ನಿಸಿದವರಲ್ಲಿ ಕೆನಡಾ ದೇಶದ ಜಿಮ್ ಕಮಿನ್ಸ್ ಪ್ರಮುಖರು. ಭಾಷೆಗಳು ಒಂದನ್ನೊಂದು ಅವಲಂಬಿಸಿ ಬೆಳೆಯುತ್ತವೆಯೆಂಬ ವಾದವನ್ನು ಅವರು ೧೯೭೯ರಲ್ಲಿ ಮಂಡಿಸಿದರು. ಅನಂತರ ಅದನ್ನು ವಿವರಿಸಲು ಸಮುದ್ರದಲ್ಲಿ ತೇಲುವ ಹಿಮಬೆಟ್ಟದ ಹೋಲಿಕೆಯನ್ನು ಕೊಟ್ಟರು. ನೀರಿನ ಮೇಲೆ ಎರಡು ಶಿಖರಗಳು ಬೇರೆ ಬೇರೆಯಾಗಿ ಕಾಣುತ್ತವೆ; ನೀರಿನ ಕೆಳಗೆ ಎರಡಕ್ಕೂ ಬುಡ ಒಂದೇ. ಉಚ್ಚಾರಣೆ, ಪದಕೋಶ, ವ್ಯಾಕರಣಗಳು ಶಿಖರಗಳು. ವಿಷಯವನ್ನು ವಿಂಗಡಿಸುವುದು, ಹೋಲಿಸುವುದು, ಸಾರವನ್ನು ಹಿಡಿಯುವುದು, ಓದುಗನನ್ನು ಕಣ್ಣಮುಂದಿಟ್ಟುಕೊಳ್ಳುವುದು ಇವು ಬುಡ. ಯಾವ ಶಿಖರದ ಮೂಲಕ ದುಡಿದರೂ ಬುಡವು ದೊಡ್ಡದಾಗುತ್ತದೆ.

ಕಾರವಾರದ ಕರಾವಳಿಯವರಿಗೆ ಹಿಮಬೆಟ್ಟಕ್ಕಿಂತ ನಡುಗಡ್ಡೆಗಳ ಉಪಮಾನವು ಹತ್ತಿರವಾದೀತು. ಅಲ್ಲಿಯ ಸಮುದ್ರದಲ್ಲಿ ಕೂರ್ಮಗಡ, ದೇವಗಡ ಮುಂತಾದ ದ್ವೀಪಗಳು ಒಂಟಿಯಾಗಿ ನಿಂತಂತೆ ಕಾಣುತ್ತವೆ. ಆದರೆ ನೀರನ್ನು ಬತ್ತಿಸಿ ನೋಡಬಹುದಾಗಿದ್ದರೆ ಅವುಗಳ ತಳದ ನೆಲವು ಒಂದೇ ಎಂಬುದು ಕಾಣುತ್ತಿದ್ದಿತು.

ಕಮಿನ್ಸ್‌ರಿಗಿಂತ ಬಹಳ ಹಿಂದೆಯೇ ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿಯವರು ೧೯೩೪ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ದಿಕ್ಕಿನಲ್ಲಿ ಯೋಚಿಸಿದ್ದರು. ಪರಭಾಷೆಯನ್ನು ಕಲಿತವನು ತನ್ನ ತಾಯ್ನುಡಿಯನ್ನು ಹಲವು ವ್ಯವಸ್ಥೆಗಳಲ್ಲಿ ಒಂದೆಂದು ಕಾಣಲು ಸಮರ್ಥನಾಗುತ್ತಾನೆಂದೂ ಬೀಜಗಣಿತವನ್ನು ಕಲಿತವನಿಗೆ ಅಂಕಗಣಿತದ ತಿಳಿವಳಿಕೆಯು ಮೇಲೇರುವಂತೆ ಇದು ನಡೆಯುತ್ತದೆಂದೂ ಅವರ ಅಭಿಪ್ರಾಯ. ನಮ್ಮ ದೇಶದಲ್ಲಿ ಅಜಿತ್ ಮಹಾಂತಿಯವರು ಒಡಿಶಾದ ಕಂಧ ಜನರಲ್ಲಿ ನಡೆಸಿದ ಅಧ್ಯಯನಗಳು ಇಲ್ಲಿ ಸ್ಮರಣೀಯ. ಆ ಜನರಲ್ಲಿ ಕೆಲವರು ಕುಯಿ ಮತ್ತು ಒಡಿಯಾ ಎರಡನ್ನೂ ಆಡುತ್ತಾರೆ, ಕೆಲವರು ಒಡಿಯಾ ಒಂದನ್ನೇ. ಎರಡನ್ನೂ ಬಲ್ಲ ಮಕ್ಕಳು ಭಾಷೆಯನ್ನೇ ವಸ್ತುವಾಗಿಟ್ಟುಕೊಂಡು ವಿಚಾರಮಾಡುವ ಪರೀಕ್ಷೆಗಳಲ್ಲಿ ಮುಂದಿದ್ದರು.

ದಾಟದೆ ಉಳಿಯುವುದು

ಆದರೆ ಎಲ್ಲವೂ ದಾಟುವುದಿಲ್ಲ. ಶಿಖರಗಳಿಗೆ ಸೇರಿದುದು ಆಯಾ ಶಿಖರದಲ್ಲಿಯೇ ಉಳಿಯುತ್ತದೆ. ಅದನ್ನು ಬಲವಂತವಾಗಿ ದಾಟಿಸಿದರೆ ತಪ್ಪುಗಳು ಹುಟ್ಟುತ್ತವೆ. ಒಂದು ಭಾಷೆಯ ರೂಢಿಯು ಇನ್ನೊಂದರಲ್ಲಿ ತಲೆಹಾಕುವ ಈ ಸಂಗತಿಯನ್ನು ಯೂರಿಯಲ್ ವೈನ್‌ರೈಖ್ ೧೯೫೩ರಲ್ಲಿಯೂ ರಾಬರ್ಟ್ ಲಾಡೊ ೧೯೫೭ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ವಿವರವಾಗಿ ಚರ್ಚಿಸಿದರು.

ಕೊಂಕಣಿಯು ಆರ್ಯಭಾಷಾ ವರ್ಗಕ್ಕೆ ಸೇರಿದುದು, ಕನ್ನಡವು ದ್ರಾವಿಡ ವರ್ಗಕ್ಕೆ ಸೇರಿದುದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕುದೆಲ್ಲ ಬಹುಮಟ್ಟಿಗೆ ನಪುಂಸಕ. ಕೊಂಕಣಿಯಲ್ಲಿ ನಿರ್ಜೀವ ವಸ್ತುಗಳಿಗೂ ಮೂರು ಲಿಂಗಗಳುಂಟು. ಮಾವಿನಹಣ್ಣಾದ ‘ಆಂಬೊ’ ಪುಲ್ಲಿಂಗ, ರೊಟ್ಟಿಯಾದ ‘ಭಾಕ್ರಿ’ ಸ್ತ್ರೀಲಿಂಗ. ಇದಕ್ಕಿಂತಲೂ ಸ್ವಾರಸ್ಯವಾದುದು ಭೂತಕಾಲದ ಕ್ರಿಯಾಪದ. ಕನ್ನಡದಲ್ಲಿ ಮಾವಿನಹಣ್ಣಾಗಲಿ ರೊಟ್ಟಿಯಾಗಲಿ ‘ಅವನು ತಿಂದನು’ ಎಂದೇ ಹೇಳುತ್ತೇವೆ. ಕ್ರಿಯಾಪದವು ತಿಂದವನನ್ನು ಅನುಸರಿಸುತ್ತದೆ. ಕೊಂಕಣಿಯಲ್ಲಿ ‘ಆಂಬೊ ಖೆಲ್ಲೊ’, ‘ಭಾಕ್ರಿ ಖೆಲ್ಲಿ’. ಇಲ್ಲಿ ಕ್ರಿಯಾಪದವು ತಿಂದವನನ್ನು ಬಿಟ್ಟು ತಿನ್ನಲ್ಪಟ್ಟ ವಸ್ತುವಿನ ಲಿಂಗವನ್ನು ಅನುಸರಿಸುತ್ತದೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಕೊಂಡೊಯ್ಯುವಂತಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಕಲಿಯಬೇಕು.

ಲಿಪಿಯ ಕಥೆಯೂ ಹೀಗೆಯೇ. ಕೊಂಕಣಿಯನ್ನು ದೇವನಾಗರಿ, ರೋಮನ್, ಕನ್ನಡ, ಮಲಯಾಳ, ಪಾರಸಿ‑ಅರಬ್ಬಿ ಎಂಬ ಐದು ಲಿಪಿಗಳಲ್ಲಿ ಬರೆಯುವ ರೂಢಿಯುಂಟು. ಕನ್ನಡ ಲಿಪಿಯನ್ನು ಬಲ್ಲವನಿಗೆ ತನ್ನ ಕೊಂಕಣಿಯನ್ನು ಬರೆದಿಡಲು ಕೂಡಲೇ ಸಾಧ್ಯವಾಗುತ್ತದೆ. ಇದು ದೊಡ್ಡ ಲಾಭ. ಏಕೆಂದರೆ ಕನ್ನಡದ ಅಕ್ಷರಗಳನ್ನು ವಶಪಡಿಸಿಕೊಳ್ಳುವುದು ದೀರ್ಘಕಾಲದ ಕೆಲಸ. ಕಾಗುಣಿತ ಒತ್ತಕ್ಷರಗಳನ್ನು ಸೇರಿಸಿದರೆ ಮಗುವು ಗುರುತಿಸಬೇಕಾದ ರೂಪಗಳು ನೂರಾರು. ಈ ಕಲಿಕೆಯು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದು ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಇಷ್ಟು ಶ್ರಮದಿಂದ ಗಳಿಸಿದುದನ್ನು ಮನೆಮಾತಿಗೆ ಪುನಃ ಗಳಿಸಬೇಕಾಗಿಲ್ಲ.

ಆದರೂ ಈ ಅಂಗಿಯು ಎಲ್ಲ ಕಡೆಯೂ ಸರಿಯಾಗಿ ಹೊಂದುವುದಿಲ್ಲ. ಕೊಂಕಣಿಯಲ್ಲಿ ಮೂಗಿನಿಂದ ಉಚ್ಚರಿಸುವ ಸ್ವರಗಳಿವೆ. ‘ನಾನು’ ಎಂಬರ್ಥದ ‘ಹಾಂವ್’ ಎಂಬ ಮಾತಿನಲ್ಲಿರುವುದು ಅಂಥ ಸ್ವರ. ಅದನ್ನು ಸೂಚಿಸಲು ಸೊನ್ನೆಯನ್ನೇ ಬಳಸುತ್ತಾರೆ. ಕನ್ನಡದ ಅಭ್ಯಾಸವುಳ್ಳವನು ಅದನ್ನು ಪೂರ್ಣ ಅನುನಾಸಿಕ ವ್ಯಂಜನವೆಂದು ಓದಿಬಿಡಬಹುದು. ಮರಾಠಿಯಲ್ಲಿರುವಂತೆ ಕೊಂಕಣಿಯಲ್ಲಿಯೂ ‘ಚ’ಕಾರಕ್ಕೆ ಎರಡು ಉಚ್ಚಾರಣೆಗಳುಂಟು, ಕನ್ನಡದ ಅಕ್ಷರವು ಒಂದೇ. ತನ್ನ ಮಾತಿನಲ್ಲಿರುವ ಯಾವ ಧ್ವನಿಗೆ ಲಿಪಿಯಲ್ಲಿ ಸ್ಥಾನವಿಲ್ಲ ಎಂಬುದನ್ನು ಗಮನಿಸಿದ ವಿದ್ಯಾರ್ಥಿಯು ಅಷ್ಟರಮಟ್ಟಿಗೆ ಧ್ವನಿಶಾಸ್ತ್ರಜ್ಞನಾದನೆಂದೇ ಹೇಳಬೇಕು.

ಬರಹದ ಶಿಷ್ಟಾಚಾರಗಳು ಈ ಎರಡು ಅಂತಸ್ತುಗಳ ನಡುವೆ ನಿಲ್ಲುತ್ತವೆ. ಹಿಂದಿನವರು ಕನ್ನಡ ಪತ್ರಗಳಲ್ಲಿ ‘ಉಭಯ ಕುಶಲೋಪರಿ’ ಎಂದು ಆರಂಭಿಸಿ, ಮನೆಯವರೆಲ್ಲರ ಕ್ಷೇಮವನ್ನು ವಿಚಾರಿಸಿ, ಕಡೆಯಲ್ಲಿ ಕೆಲಸದ ಮಾತಿಗೆ ಬರುತ್ತಿದ್ದರು. ಇದೇ ಕ್ರಮದಲ್ಲಿ ಇಂಗ್ಲಿಷಿನಲ್ಲಿ ವ್ಯವಹಾರದ ಪತ್ರವನ್ನು ಬರೆದರೆ ಓದುವವನು ‘ವಿಷಯವೇನು?’ ಎಂದು ತಡಕಾಡುತ್ತಾನೆ. ವಾಕ್ಯಗಳಲ್ಲಿ ಒಂದು ತಪ್ಪೂ ಇಲ್ಲದಿದ್ದರೂ ಪತ್ರವು ಹೊಂದುವುದಿಲ್ಲ. ಓದುಗನನ್ನು ಗೌರವಿಸಬೇಕೆಂಬ ತತ್ತ್ವವು ದಾಟುತ್ತದೆ. ಗೌರವವನ್ನು ತೋರಿಸುವ ವಿಧಾನವು ದಾಟುವುದಿಲ್ಲ.

ಹೊಳೆಯು ಹಿಂದಕ್ಕೂ ಹರಿಯುವುದು

ಭರತದ ಕಾಲದಲ್ಲಿ ಸಮುದ್ರದ ನೀರು ಕಾಳಿ ನದಿಯೊಳಗೆ ಏರುವುದನ್ನು ಕಾರವಾರದವರು ದಿನವೂ ಕಾಣುತ್ತಾರೆ. ಭಾಷೆಗಳ ನಡುವಿನ ಹರಿವೂ ಒಮ್ಮುಖವಲ್ಲ. ಇದಕ್ಕೆ ಹಂಗೆರಿ ದೇಶದ ಒಂದು ಅಧ್ಯಯನವು ನಿದರ್ಶನವಾಗಿದೆ. ಇಸ್ತ್‌ವಾನ್ ಕೆಚ್‌ಕೇಶ್ ಮತ್ತು ತ್ಯೂಂದೆ ಪಪ್ ಎಂಬವರು ಅಲ್ಲಿಯ ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ೨೦೦೦ದಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕೆಲವು ತರಗತಿಗಳಲ್ಲಿ ಪಾಠಗಳೇ ಪರಭಾಷೆಯಲ್ಲಿ ನಡೆಯುತ್ತಿದ್ದುವು. ಮತ್ತೆ ಕೆಲವು ತರಗತಿಗಳಲ್ಲಿ ಪರಭಾಷೆಯು ಕೇವಲ ಒಂದು ಪಠ್ಯವಿಷಯವಾಗಿದ್ದಿತು. ಪರಭಾಷೆಯನ್ನು ತೀವ್ರವಾಗಿ ಅಭ್ಯಾಸಮಾಡಿದವರ ತಾಯ್ನುಡಿಯ ಬರಹವು ಕೆಡುವುದಕ್ಕೆ ಬದಲಾಗಿ ಉತ್ತಮಗೊಂಡಿತು. ಅವರು ಹಂಗೆರಿ ಭಾಷೆಯಲ್ಲಿಯೂ ಹೆಚ್ಚು ಹೆಣಿಗೆಯುಳ್ಳ ವಾಕ್ಯಗಳನ್ನು ಬರೆಯುತ್ತಿದ್ದರು. ಅಭ್ಯಾಸವು ಅಲ್ಪವಾಗಿದ್ದಲ್ಲಿ ಇಂಥ ಫಲವು ಕಾಣಲಿಲ್ಲವೆಂಬುದನ್ನೂ ಗಮನಿಸಬೇಕು. ಬೇರೆಡೆಯಿಂದ ತರಬೇಕಾದರೆ ಅಲ್ಲಿ ಏನಾದರೂ ಸಂಗ್ರಹವಿರಬೇಕಷ್ಟೆ.

ಒಬ್ಬ ವ್ಯಕ್ತಿಯಲ್ಲಿ ನಡೆಯುವುದು ಇಡೀ ಸಮುದಾಯದಲ್ಲಿಯೂ ನಡೆಯುತ್ತದೆ. ಮಂಗೇಶ ನಾಡಕರ್ಣಿಯವರು ೧೯೭೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕರ್ನಾಟಕದ ಸಾರಸ್ವತರ ಕೊಂಕಣಿಯ ವಾಕ್ಯರಚನೆಯನ್ನು ಪರಿಶೀಲಿಸಿದರು. ಹಿಂದಿ, ಮರಾಠಿ ಮುಂತಾದ ಆರ್ಯಭಾಷೆಗಳಲ್ಲಿ ‘ಜೊ... ವಹ’, ‘ಜೊ... ತೊ’ ಎಂಬ ಜೋಡಿ ಪದಗಳಿಂದ ವಾಕ್ಯಗಳನ್ನು ಹೆಣೆಯುತ್ತಾರೆ. ಕನ್ನಡದಲ್ಲಿ ‘ಯಾವ ಹುಡುಗನು ನಿನ್ನೆ ಬಂದನೋ ಅವನು ನನ್ನ ಗೆಳೆಯ’ ಎನ್ನುವಾಗ ಪ್ರಶ್ನಾರ್ಥಕವಾದ ‘ಯಾವ’ವನ್ನು ಮೊದಲಿಟ್ಟು, ಕ್ರಿಯಾಪದಕ್ಕೆ ‘ಓ’ಕಾರವನ್ನು ಸೇರಿಸುತ್ತೇವೆ. ಸಾರಸ್ವತರ ಕೊಂಕಣಿಯು ಇದೇ ಅಚ್ಚನ್ನು ತನ್ನದಾಗಿಸಿಕೊಂಡಿದೆ. ‘ಯಾವ’ ಎಂಬುದಕ್ಕೆ ‘ಖಂಚೊ’, ‘ಓ’ಕಾರಕ್ಕೆ ‘ಕೀ’, ‘ಅವನು’ ಎಂಬುದಕ್ಕೆ ‘ತೊ’. ಪದಗಳೆಲ್ಲ ಕೊಂಕಣಿಯವು, ಹೆಣಿಗೆ ಮಾತ್ರ ಕನ್ನಡದ್ದು. ತಲೆಮಾರುಗಳ ಕಾಲ ಎರಡು ಭಾಷೆಗಳನ್ನು ಬಳಸಿದ ಜನರ ಎರಡನೆಯ ಭಾಷೆಯು ಮೊದಲನೆಯದರ ಎಲುಬಿನವರೆಗೂ ಇಳಿದಿರುವುದಕ್ಕೆ ಇದು ಸಾಕ್ಷಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದುಗಳು ವ್ಯಾಕರಣದಲ್ಲಿ ಒಂದಕ್ಕೊಂದು ಬಹಳ ಸಮೀಪಕ್ಕೆ ಬಂದಿದ್ದುದನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬವರು ೧೯೭೧ರಲ್ಲಿ ವರ್ಣಿಸಿದ್ದರು.

ಕನ್ನಡವೂ ಹೀಗೆ ಪಡೆದುಕೊಂಡಿದೆ. ಹಳೆಯ ಓಲೆಗರಿಗಳಲ್ಲಿ ಇಂದಿನ ಅಲ್ಪವಿರಾಮ, ಪ್ರಶ್ನಚಿಹ್ನೆ, ಉದ್ಧರಣ ಚಿಹ್ನೆಗಳಾಗಲಿ ಬಿಡಿಬಿಡಿಯಾದ ಪರಿಚ್ಛೇದಗಳಾಗಲಿ ಇರಲಿಲ್ಲ. ಇವು ಅಚ್ಚಿನ ಯಂತ್ರ, ಪಾಠಶಾಲೆ, ಪತ್ರಿಕೆಗಳೊಡನೆ ಪಾಶ್ಚಾತ್ಯ ಭಾಷೆಗಳಿಂದ ಬಂದುವು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ೧೮೪೩ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗರಿಗೆ ಕನ್ನಡವು ವಯಸ್ಕರಾದ ಮೇಲೆ ಕಲಿತ ಪರಭಾಷೆಯಾಗಿದ್ದಿತು. ಇಂದು ಪರಿಚ್ಛೇದ ಮಾಡಿ ಬರೆಯುವ ವಿದ್ಯಾರ್ಥಿಗೆ ಇದು ಹೊರಗಿನಿಂದ ಬಂದ ಪದ್ಧತಿಯೆಂದು ಅನ್ನಿಸುವುದೇ ಇಲ್ಲ.

ಸಾಹಿತಿಗಳ ಸಾಕ್ಷ್ಯ

ಅಂಕೋಲೆಯಿಂದ ದಕ್ಷಿಣಕ್ಕೆ ಗಂಗಾವಳಿ ನದಿಯನ್ನು ದಾಟಿದರೆ ಹನೇಹಳ್ಳಿ, ಬಂಕಿಕೊಡ್ಲ, ಗೋಕರ್ಣಗಳಿವೆ. ಈ ಚಿಕ್ಕ ಪ್ರದೇಶವು ಕನ್ನಡಕ್ಕೆ ಕೊಟ್ಟ ಲೇಖಕರನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಹನೇಹಳ್ಳಿಯ ಯಶವಂತ ಚಿತ್ತಾಲರ (೧೯೨೮–೨೦೧೪) ಮನೆಮಾತು ಕೊಂಕಣಿ. ವೃತ್ತಿಯಲ್ಲಿ ಅವರು ಮುಂಬಯಿಯಲ್ಲಿ ನೆಲೆಸಿದ ರಸಾಯನ ತಂತ್ರಜ್ಞರು. ಆದರೆ ‘ಶಿಕಾರಿ’ಯಂಥ ಕಾದಂಬರಿಯನ್ನು ಬರೆದುದು ಕನ್ನಡದಲ್ಲಿ. ಗೋಕರ್ಣದ ಗೌರೀಶ ಕಾಯ್ಕಿಣಿಯವರು (೧೯೧೨–೨೦೦೨) ಕನ್ನಡದೊಡನೆ ಮರಾಠಿ, ಕೊಂಕಣಿಗಳಲ್ಲಿಯೂ ಲೇಖನಿಯನ್ನಾಡಿಸಿದವರು. ಶಿರಸಿಯಲ್ಲಿ ಬಾಲ್ಯವನ್ನು ಕಳೆದ ಗಿರೀಶ ಕಾರ್ನಾಡರ (೧೯೩೮–೨೦೧೯) ಮನೆಮಾತೂ ಕೊಂಕಣಿಯೇ. ಅವರು ನಾಟಕಗಳನ್ನು ಕನ್ನಡದಲ್ಲಿ ಬರೆದು, ತಾವೇ ಇಂಗ್ಲಿಷಿಗೆ ಅನುವಾದಿಸಿದರು. ದಕ್ಷಿಣದ ಮಂಜೇಶ್ವರದ ಗೋವಿಂದ ಪೈ, ಧಾರವಾಡದ ಬೇಂದ್ರೆ, ಮಾಸ್ತಿಯವರು ಕ್ರಮವಾಗಿ ಕೊಂಕಣಿ, ಮರಾಠಿ, ತಮಿಳು ಮನೆಮಾತಿನವರು. ಎರಡನೆಯ ಭಾಷೆಯಲ್ಲಿ ಬರೆದವನ ಬರಹವು ಎರಡನೆಯ ದರ್ಜೆಯದಾಗಬೇಕಾಗಿಲ್ಲ ಎಂಬುದಕ್ಕೆ ಬೇರೆ ಪ್ರಮಾಣವೇಕೆ?

ಕಾರವಾರದೊಡನೆ ಸಂಬಂಧವುಳ್ಳ ಮತ್ತೊಂದು ಹೆಸರಿದೆ. ೧೮೮೩ರಲ್ಲಿ ತರುಣ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ‘ಪ್ರಕೃತಿರ್ ಪ್ರತಿಶೋಧ’ ಎಂಬ ಬಂಗಾಳಿ ನಾಟಕವನ್ನು ಅವರು ಬರೆದುದು ಇಲ್ಲಿಯೇ. ಸುಮಾರು ಮೂವತ್ತು ವರ್ಷಗಳ ಅನಂತರ, ೧೯೧೨ರಲ್ಲಿ, ಅವರು ತಮ್ಮ ಗೀತೆಗಳನ್ನು ತಾವೇ ಇಂಗ್ಲಿಷಿಗೆ ತಂದರು. ಆಗ ಬಂಗಾಳಿಯ ಛಂದಸ್ಸು, ಪ್ರಾಸಗಳು ಹಿಂದೆ ಉಳಿದು, ಭಾವವು ಗದ್ಯರೂಪದಲ್ಲಿ ಹೊರಬಂದಿತು. ದಾಟುವುದು ಯಾವುದು, ದಾಟದಿರುವುದು ಯಾವುದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ.

ದಾಟಲು ಬೇಕಾದ ಸೇತುವೆಗಳು

ಇಷ್ಟನ್ನು ಓದಿದ ಮೇಲೆ ಒಂದು ಪ್ರಶ್ನೆಯು ಏಳುವುದು ಸಹಜ. ಕೌಶಲವು ದಾಟುವುದು ನಿಜವಾದರೆ, ಕನ್ನಡದಲ್ಲಿ ಸೊಗಸಾಗಿ ಬರೆಯುವ ಸಾವಿರಾರು ಕೊಂಕಣಿಗರು ಕೊಂಕಣಿಯಲ್ಲಿ ಒಂದು ಪತ್ರವನ್ನೂ ಬರೆಯದಿರುವುದೇಕೆ? ಕಮಿನ್ಸ್‌ರ ವಾದದಲ್ಲಿಯೇ ಇದಕ್ಕೆ ಉತ್ತರವಿದೆ. ಸಂಕ್ರಮಣವು ನಡೆಯಲು ಅವರು ಎರಡು ಷರತ್ತುಗಳನ್ನು ಹಾಕಿದ್ದಾರೆ. ಆ ಇನ್ನೊಂದು ಭಾಷೆಯು ಸಾಕಷ್ಟು ಕಣ್ಣಿಗೂ ಕಿವಿಗೂ ಬೀಳುತ್ತಿರಬೇಕು. ಅದನ್ನು ಕಲಿಯಬೇಕೆಂಬ ಇಚ್ಛೆಯೂ ಇರಬೇಕು. ಕೊಂಕಣಿಯು ಕಿವಿಗೆ ಬೇಕಾದಷ್ಟು ಬೀಳುತ್ತದೆ, ಕಣ್ಣಿಗೆ ಬೀಳುವುದು ಕಡಮೆ. ಮಾದರಿಯಾಗಿ ಓದಲು ಪುಸ್ತಕಗಳಿಲ್ಲದಿದ್ದರೆ, ಬರೆದುದನ್ನು ಓದುವವರಿಲ್ಲದಿದ್ದರೆ, ಕೌಶಲವಿದ್ದೂ ಅದು ದಡದಲ್ಲಿ ಕಟ್ಟಿದ ದೋಣಿಯಂತೆ ನಿಂತಿರುತ್ತದೆ.

ಈ ಸ್ಥಿತಿಯನ್ನು ಬದಲಿಸುವ ಪ್ರಯತ್ನಗಳೂ ನಡೆದಿವೆ. ೧೯೭೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯು ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಭಾಷೆಯೆಂದು ಮನ್ನಿಸಿತು. ೧೯೯೨ರಲ್ಲಿ ಅದು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ೨೦೦೭ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಅದನ್ನು ಐಚ್ಛಿಕ ತೃತೀಯ ಭಾಷೆಯಾಗಿ, ಕನ್ನಡ ಅಥವಾ ದೇವನಾಗರಿ ಲಿಪಿಯಲ್ಲಿ ಕಲಿಯಲು ಅವಕಾಶವು ದೊರೆಯಿತು. ಅನುಕೂಲವು ಒದಗಿದ ಮಾತ್ರಕ್ಕೆ ಅದು ಬಳಕೆಗೆ ಬಂದಂತಾಗುವುದಿಲ್ಲ. ಇಚ್ಛೆಯೆಂಬ ಎರಡನೆಯ ಸೇತುವೆಯನ್ನು ಮನೆಯವರೇ ಕಟ್ಟಬೇಕು.

ಇಲ್ಲಿ ಉಪಾಧ್ಯಾಯರೂ ತಂದೆತಾಯಿಗಳೂ ಗಮನಿಸಬೇಕಾದ ಮಾತೊಂದುಂಟು. ಮನೆಯಲ್ಲಿ ಕೊಂಕಣಿಯನ್ನೋ ಹಾಲಕ್ಕಿ ಕನ್ನಡವನ್ನೋ ಆಡುವ ಮಗುವು ಶಾಲೆಯ ಕನ್ನಡದಲ್ಲಿ ತಡವರಿಸಿದಾಗ ‘ಇದಕ್ಕೆ ಬುದ್ಧಿ ಸಾಲದು’ ಎಂದು ನಿರ್ಣಯಿಸುವುದು ಸುಲಭ. ಆದರೆ ಆ ಮಗುವಿನ ತಡವರಿಕೆಯು ಶಿಖರದಲ್ಲಿರುವುದೇ ಹೊರತು ಬುಡದಲ್ಲಿ ಅಲ್ಲ. ಅಕ್ಷರ ಮತ್ತು ವಿಭಕ್ತಿಗಳ ಕಡೆಗೇ ಗಮನವೆಲ್ಲ ಹರಿದುಹೋದಾಗ ವಿಷಯವನ್ನು ಯೋಜಿಸಲು ಮನಸ್ಸಿನಲ್ಲಿ ಎಡೆಯುಳಿಯುವುದಿಲ್ಲ. ಅದೇ ಮಗುವಿಗೆ ‘ಮೀನಿನ ಬಲೆಯನ್ನು ಹೇಗೆ ಹೆಣೆಯುತ್ತಾರೆ, ನಿನ್ನ ಮಾತಿನಲ್ಲಿಯೇ ಹೇಳು’ ಎಂದರೆ ಕ್ರಮ ತಪ್ಪದೆ ಹೇಳೀತು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಅಸಂಖ್ಯ ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿ ೨೦೧೭ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ೨೦೨೫ರಲ್ಲಿ ಅವರು ನಿಧನರಾದರು. ಕಥೆಯನ್ನು ಎಲ್ಲಿ ಆರಂಭಿಸಬೇಕು, ಎಲ್ಲಿ ತಡೆಯಬೇಕು, ಕೇಳುವವರನ್ನು ಹೇಗೆ ಹಿಡಿದಿಡಬೇಕು ಎಂಬ ಅರಿವು ಇಂಥ ಪರಂಪರೆಯ ಮನೆಗಳಲ್ಲಿ ಅಕ್ಷರಕ್ಕಿಂತ ಮೊದಲೇ ಇರುತ್ತದೆ. ಶಾಲೆಯು ಅದನ್ನು ಬಾಗಿಲಲ್ಲಿಯೇ ತಡೆದರೆ ಬರವಣಿಗೆಗೆ ಸಿದ್ಧವಾಗಿದ್ದ ಬಂಡವಾಳವನ್ನೇ ಚೆಲ್ಲಿದಂತಾಗುತ್ತದೆ.

ಇದೇ ಮಾತು ಇಂಗ್ಲಿಷಿಗೂ ಅನ್ವಯಿಸುತ್ತದೆ. ಇಂಗ್ಲಿಷ್ ಚೆನ್ನಾಗಿ ಬರಬೇಕಾದರೆ ಕನ್ನಡವನ್ನು ಬಿಡಬೇಕೆಂಬ ನಂಬಿಕೆಯು ಹಳೆಯ ಚೀಲದ ತರ್ಕವೇ. ಕನ್ನಡದಲ್ಲಿ ಒಂದು ವಾದವನ್ನು ಕ್ರಮವಾಗಿ ಕಟ್ಟಲಾರದವನಿಗೆ ಇಂಗ್ಲಿಷ್ ವ್ಯಾಕರಣವು ಆ ಶಕ್ತಿಯನ್ನು ಕೊಡಲಾರದು. ಕನ್ನಡದಲ್ಲಿ ಕಟ್ಟಬಲ್ಲವನಾದರೋ ಇಂಗ್ಲಿಷಿನ ಪದಗಳು ಸಾಕಷ್ಟು ದೊರೆತೊಡನೆ ಅಲ್ಲಿಯೂ ಕಟ್ಟುತ್ತಾನೆ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಈ ಸಂಗತಿಯನ್ನು ಪರೀಕ್ಷಿಸಲು ಯಂತ್ರಸಾಮಗ್ರಿಗಳು ಬೇಕಾಗಿಲ್ಲ. ಕಾಗದ ಲೇಖನಿಗಳು ಸಾಕು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು ಆರಿಸಿಕೊಳ್ಳಿರಿ. ದೋಣಿಗೆ ಎಣ್ಣೆ ಬಳಿಯುವುದಾಗಲಿ, ಗದ್ದೆಗೆ ನೀರು ಕಟ್ಟುವುದಾಗಲಿ, ಹಪ್ಪಳ ಮಾಡುವುದಾಗ‌ಲಿ ಆದೀತು. ಅದನ್ನು ಒಂದು ಪುಟದಷ್ಟು ಕನ್ನಡದಲ್ಲಿ ಬರೆಯಿರಿ. ಒಂದು ವಾರದ ಅನಂತರ, ಮೊದಲಿನ ಬರಹವನ್ನು ನೋಡದೆ, ಅದನ್ನೇ ನಿಮ್ಮ ಮನೆಮಾತಿನಲ್ಲಿ ಬರೆಯಿರಿ; ಮನೆಮಾತು ಕನ್ನಡವೇ ಆದರೆ ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಮೂರು ಬಣ್ಣಗಳಿಂದ ಗುರುತು ಹಾಕಿರಿ. ಎರಡರಲ್ಲಿಯೂ ಒಂದೇ ಆಗಿರುವ ಕ್ರಮಕ್ಕೆ ಒಂದು ಬಣ್ಣ. ಒಂದು ಭಾಷೆಯ ರೂಢಿಯು ಇನ್ನೊಂದರಲ್ಲಿ ಅನುಚಿತವಾಗಿ ನುಸುಳಿದ ಕಡೆಗೆ ಇನ್ನೊಂದು. ಎರಡನೆಯ ಸಲ ಬರೆಯುವಾಗ ಮೊದಲಿಗಿಂತ ಚೆನ್ನಾಗಿ ಮೂಡಿದ ಭಾಗಕ್ಕೆ ಮತ್ತೊಂದು.

ಮೊದಲನೆಯ ಬಣ್ಣವು ಹಿಮಬೆಟ್ಟದ ಬುಡವನ್ನು ತೋರಿಸುತ್ತದೆ. ಎರಡನೆಯದು ನೀವು ಇನ್ನೂ ಕಲಿಯಬೇಕಾದುದನ್ನು ತಿಳಿಸುತ್ತದೆ. ಮೂರನೆಯ ಬಣ್ಣವು ಎಲ್ಲಿ ಬಿದ್ದಿದೆಯೆಂಬುದನ್ನು ವಿಶೇಷವಾಗಿ ಗಮನಿಸಿರಿ. ಆ ಭಾಗವನ್ನು ಮತ್ತೆ ಮೊದಲಿನ ಭಾಷೆಯಲ್ಲಿ ತಿದ್ದಿ ಬರೆದಾಗ ಅಲ್ಲಿಯೂ ಬರಹವು ಸುಧಾರಿಸಿರುವುದು ಕಾಣುತ್ತದೆ. ಸಾಧ್ಯವಾದರೆ ಮನೆಮಾತಿನಲ್ಲಿ ಬರೆದ ಪುಟವನ್ನು ಮನೆಯ ಹಿರಿಯರಿಗೆ ಓದಿ ಹೇಳಿರಿ. ಅವರ ಮಾತು ಅವರ ಕಿವಿಗೆ ಕಾಗದದಿಂದ ಕೇಳಿಸುವುದು ಬಹುಶಃ ಅದೇ ಮೊದಲ ಸಲವಾಗಿರಬಹುದು. ಅವರು ಅದರಲ್ಲಿ ತಪ್ಪುಗಳನ್ನು ತಿದ್ದತೊಡಗಿದರೆ ಸಂತೋಷಪಡಿರಿ. ಆ ಭಾಷೆಯ ಬರಹಕ್ಕೆ ಒಬ್ಬ ಓದುಗನು ದೊರೆತನು.